ಇನ್ನೊಂದೇ ಹೊಲಿಗೆ

“ಗುರುಗಳೇ, ಗೆಳೆಯನೊಡನೆ ಒರಟಾಗಿ ಮಾತನಾಡಿಬಿಟ್ಟೆ. ಮೂರು ಸಲ ಹೋಗಿ ಕ್ಷಮೆ ಕೇಳಿದೆ. ಏಕೆ ಹಾಗೆಂದೆ ಎಂದು ಪ್ರತಿ ಸಲವೂ ವಿವರಿಸಿದೆ. ಕ್ಷಮಿಸಿದ್ದೇನೆ ಎನ್ನುತ್ತಾನೆ, ಆದರೆ ಮುಖದಲ್ಲಿ ಇನ್ನೂ ನೋವಿದೆ. ಮತ್ತೊಮ್ಮೆ ಹೋಗಿ ವಿವರಿಸಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: “ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ಏನೋ ಹೆಸರಿದೆಯಲ್ಲ... ಮಹಾನಾಳ? ಅಲ್ಲ, ಮಹಾಧಮನಿ. ಒಬ್ಬ ದರ್ಜಿಗೆ ಅದು ಉಬ್ಬಿ ಒಡೆಯುವ ಹಾಗಾಗಿತ್ತು. ಒಬ್ಬ ತರುಣ ವೈದ್ಯ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಬಟ್ಟೆಯ ಕೊಳವೆಯೊಂದನ್ನಿಟ್ಟು ಸುತ್ತಲೂ ಹೊಲಿದ. ಅವನಿಗೆ ವಿದ್ಯೆ ಕಲಿಸಿದ ಹಿರಿಯ ವೈದ್ಯೆ ಎದುರಿಗೆ ನಿಂತು, ದಾರ ಸಡಿಲವಾಗದಂತೆ ಹಿಡಿದಿದ್ದರು. ಹೊಲಿಗೆ ಚೆನ್ನಾಗಿಯೇ ಬಿತ್ತು.

“ನಾಳದಲ್ಲಿ ರಕ್ತ ಹರಿಯಬಿಟ್ಟರು. ಸೂಜಿ ಹೊಕ್ಕ ಒಂದು ತೂತಿನಿಂದ ರಕ್ತ ಒಸರಿತು. ತರುಣ ಅಲ್ಲಿ ಇನ್ನೊಂದು ಹೊಲಿಗೆ ಹಾಕಿದ. ಈಗ ಎರಡು ಕಡೆ ಒಸರಿತು. ಅವಕ್ಕೂ ಹಾಕಿದ. ನಾಲ್ಕಾಯಿತು. ನಾಳದ ಗೋಡೆ ನೆನೆದ ಹಪ್ಪಳದ ಹಾಗಿತ್ತು. ಅದು ಹರಿದರೆ ದರ್ಜಿ ಉಳಿಯುವುದಿಲ್ಲ.

“‘ಸೂಜಿ ಕೆಳಗಿಡು, ಮಾರಾಯ’ ಎಂದರು ಹಿರಿಯ ವೈದ್ಯೆ.

“‘ಇನ್ನೊಂದೇ ಒಂದು, ಮೇಡಂ.’

“‘ಆ ಒಂದಕ್ಕೇ ನಾನು ಹೆದರುವುದು. ತೂತುಗಳ ಮೇಲೆ ಬಟ್ಟೆ ಇಟ್ಟು, ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿ.’

“‘ಎಷ್ಟು ಹೊತ್ತು?’

“‘ನನ್ನ ಹಾಡು ಮುಗಿಯುವ ತನಕ.’

“ಅವರು ಹಾಡತೊಡಗಿದರು. ಶ್ರುತಿಯೂ ಇಲ್ಲ, ತಾಳವೂ ಇಲ್ಲ. ನರ್ಸುಗಳು ನಕ್ಕರು. ‘ಅವರು ನಗಲಿ, ನೀನು ನಗಬೇಡ. ಬೆರಳು ಅಲ್ಲಾಡೀತು’ ಎಂದು ಹಿರಿಯ ವೈದ್ಯೆ ಪಲ್ಲವಿಯನ್ನು ಮತ್ತೆ ಎತ್ತಿಕೊಂಡರು. ತರುಣ ತುಟಿ ಕಚ್ಚಿ ನಿಂತ. ಹಾಡು ಮುಗಿಯಿತು. ಬಟ್ಟೆ ತೆಗೆದು ನೋಡಿದರೆ ಒಂದು ಹನಿಯೂ ಇಲ್ಲ. ರಕ್ತವೇ ಹೆಪ್ಪುಗಟ್ಟಿ ತೂತುಗಳನ್ನು ಮುಚ್ಚಿತ್ತು.

“ನಾಲ್ಕನೆಯ ದಿನ ದರ್ಜಿ ದಿಂಬಿಗೆ ಒರಗಿ ಕೂತು ತರುಣ ವೈದ್ಯನನ್ನು ಕೇಳಿದ: ‘ಒಳಗಡೆ ಸ್ವಲ್ಪ ಮಾರ್ಜಿನ್ ಬಿಟ್ಟಿದ್ದೀರಾ, ಸಾರ್? ಮುಂದೆ ನಾನು ದಪ್ಪ ಆದರೆ ಬಿಚ್ಚಿಕೊಳ್ಳಬೇಕಲ್ಲ!’”

ಶಿಷ್ಯ ಮನಸಾರೆ ನಕ್ಕ. ಆಮೇಲೆ ಕೈಮುಗಿದು, “ತಿಳಿಯಿತು ಗುರುಗಳೇ. ಇನ್ನು ಅವನ ಮನೆಗೆ ಹೋಗುವುದಿಲ್ಲ” ಎಂದ.

“ಹೋಗು,” ಎಂದರು ಗುರುಗಳು, “ಸೂಜಿಯನ್ನು ಇಲ್ಲೇ ಬಿಟ್ಟು ಹೋಗು.”