ಗುಲಗಂಜಿ ಹುಳ ನೋಡುವ ಸೇವೆ

ಹೊಳೆಯ ದಂಡೆಗೊಂದು ಆಶ್ರಮ. ಅಲ್ಲಿ ರೇವಣಜ್ಜ ಎಂಬ ಗುರುಗಳು, ಚನ್ನವೀರನೆಂಬ ಶಿಷ್ಯ.

ಚನ್ನವೀರ ಹಿಡಿದ ಕೆಲಸ ಬಿಡುವವನಲ್ಲ. ತಪ್ಪು ಕೆಲಸ ಹಿಡಿದರೂ ಬಿಡುವವನಲ್ಲ. ಗುರುಗಳಿಗೆ ಅವನ ಮೇಲೆ ಪ್ರೀತಿ ಇದ್ದದ್ದು ಅದಕ್ಕೇ, ಆಗಾಗ ತಲೆ ಚಚ್ಚಿಕೊಳ್ಳುತ್ತಿದ್ದದ್ದೂ ಅದಕ್ಕೇ.

ಒಮ್ಮೆ ಊರಿನ ಹೆಂಗಸರು ಆಶ್ರಮಕ್ಕೆ ಬಂದು ಕೈಮುಗಿದರು.

"ಅಜ್ಜಾರ, ಗಂಡಸರು ಇಲ್ಲಿ ಕಸ ಹೊಡೀತಾರ, ನೀರ ಹೊರ್ತಾರ. ನಮಗ ಮನಿ ಬಿಟ್ಟು ಬರಾಕ ಆಗೂದಿಲ್ಲ. ನಾವೇನ ಸೇವಾ ಮಾಡೂಣ್ರಿ?"

"ನಿಮ್ಮ ನಿಮ್ಮ ಹಿತ್ತಲದಾಗ ನಿಂತು ನೋಡ್ರಿ."

"ಏನ ನೋಡೂಣ್ರಿ?"

"ಗುಲಗಂಜಿ ಹುಳ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗುರುಗಳು ನಗಲಿಲ್ಲ.

ಆ ಹುಳ ಯಾರಿಗೆ ಗೊತ್ತಿಲ್ಲ? ಕಡಲೆಬೇಳೆಯಷ್ಟೂ ಇಲ್ಲದ ದುಂಡು ಮೈ, ಕೆಂಪು ಬಣ್ಣ, ಮೇಲೆ ಕರಿ ಬೊಟ್ಟು. ಅವರೆ ಬಳ್ಳಿಗೆ ಕರಿಹೇನು ಮುತ್ತಿದರೆ ಒಂದೂ ಬಿಡದೆ ತಿಂದು ಬಳ್ಳಿ ಉಳಿಸುತ್ತದೆ. ಅಜ್ಜ-ಮುತ್ತಜ್ಜರ ಕಾಲದಿಂದ ಊರ ಹಿತ್ತಿಲುಗಳಲ್ಲೇ ಇದ್ದ ಹುಳ ಅದು.

ಈಚೆಗೆ ಇನ್ನೊಂದು ಬಂದಿತ್ತು. ಹೊಳೆಯಾಚೆಯ ದ್ರಾಕ್ಷಿ ತೋಟದವರು ಬಳ್ಳಿಯ ರಸ ಹೀರುವ ಬಿಳಿ ಹಿಟ್ಟುತಿಗಣೆ ತಿನ್ನಲೆಂದು ದೂರದ ದೇಶದ ಗುಲಗಂಜಿ ಹುಳ ತರಿಸಿ ಬಿಟ್ಟಿದ್ದರು. ಅದಕ್ಕೆ ಕಂದು ಮೈ, ಕಿತ್ತಳೆ ತಲೆ, ಬೊಟ್ಟು ಇಲ್ಲ. ಹುಳಕ್ಕೆ ಹೊಳೆ ಏನು ಲೆಕ್ಕ? ಹಾರಿ ಬಂದು ಊರು ಸೇರಿತು. ಬಂದದ್ದು ಇದ್ದದ್ದನ್ನು ಓಡಿಸುತ್ತದೋ, ಜೊತೆಗೇ ಬಾಳುತ್ತದೋ ಯಾರಿಗೂ ಗೊತ್ತಿರಲಿಲ್ಲ.

"ಕೆಂಪು ಎಷ್ಟು, ಕಂದು ಎಷ್ಟು, ದಿನಾ ಮುಂಜಾನೆ ನೋಡ್ರಿ," ಅಂದರು ಗುರುಗಳು. "ನೋಡೂದಷ್ಟ ಸೇವಾ. ಕೈ ಹಚ್ಚಬ್ಯಾಡ್ರಿ."

ಚನ್ನವೀರ ದಿನಾ ಬೆಳಿಗ್ಗೆ ಜೋಳಿಗೆ ಹಿಡಿದು ಊರೊಳಗೆ ಭಿಕ್ಷೆಗೆ ಹೋಗುತ್ತಿದ್ದ. ಗುರುಗಳು ಆ ಜೋಳಿಗೆಗೆ ಒಂದು ಪುಟ್ಟ ಚೀಲ ಹೊಲಿಸಿಕೊಟ್ಟರು. ಕೆಂಪು ಹುಳ ಕಂಡರೆ ಹುಳಕ್ಕೊಂದು ಜೋಳದ ಕಾಳು, ಕಂದು ಹುಳ ಕಂಡರೆ ಹುಳಕ್ಕೊಂದು ಹುರಳಿ ಕಾಳು, ಮನೆಯವರು ಅದರಲ್ಲಿ ಹಾಕಬೇಕು. ಏನೂ ಕಾಣದ ಮನೆಯವರು ಬರಿಗೈಯನ್ನೇ ಚೀಲದೊಳಗೆ ಇಟ್ಟು ತೆಗೆಯಬೇಕು.

"ಬರಿಗೈ ಯಾಕ್ರಿ ಅಜ್ಜಾರ?" ಚನ್ನವೀರ ಕೇಳಿದ.

"ಏನೂ ಇಲ್ಲ ಅನ್ನೂದನ್ನೂ ಅವರು ನಿಂತು ನೋಡ್ಯಾರಲ್ಲ."

ಸೇವೆ ಶುರುವಾಯಿತು. ನಕ್ಕ ಹೆಂಗಸರೇ ಈಗ ಅಂಗಳಕ್ಕೆ ನೀರು ಹೊಡೆದವರು ಸೀದಾ ಹಿತ್ತಲಿಗೆ ಹೋಗಿ ಎಲೆ ಮಗುಚಿ ಮಗುಚಿ ನೋಡತೊಡಗಿದರು. ಚನ್ನವೀರ ಸಂಜೆ ಕಟ್ಟೆಯ ಮೇಲೆ ಕಾಳು ಸುರುವಿ ಆರಿಸುತ್ತಿದ್ದ. ಜೋಳದ ರಾಶಿ ದೊಡ್ಡದು, ಹುರಳಿಯದು ಸಣ್ಣದು. ಆದರೂ ಒಂದೊಂದು ಹುರಳಿ ಕಾಳು ಕಂಡಾಗಲೂ ಅವನ ಮೈ ಉರಿಯುತ್ತಿತ್ತು.

ನೋಡು ಎಂದು ಕಳಿಸಿದರೆ ಅವನು ಪಕ್ಷ ಕಟ್ಟಿಬಿಟ್ಟಿದ್ದ. ಕೆಂಪು ನಮ್ಮದು, ಅದನ್ನು ಉಳಿಸಲೇಬೇಕು ಎಂದು ಒಳಗೊಳಗೇ ಟೊಂಕ ಕಟ್ಟಿ ನಿಂತಿದ್ದ.

ಒಂದು ದಿನ ನೀಲವ್ವ ಭಿಕ್ಷೆ ನೀಡಿ, ಅವನನ್ನು ಹಿತ್ತಲಿಗೆ ಕರೆದಳು. ಊರಿಗೆಲ್ಲ ಹೆಸರಾದ ಅವರೆ ಬಳ್ಳಿ ಅವಳದು. ಅವಳ ಅತ್ತೆಯ ಅತ್ತೆ ಕಾಪಿಟ್ಟ ಬೀಜ, ಬೇರೆ ಯಾರ ಮನೆಯಲ್ಲೂ ಆ ಜಾತಿ ಉಳಿದಿರಲಿಲ್ಲ.

"ಇದೇನ್ರಿ ಸ್ವಾಮ್ಯಾರ?"

ಚನ್ನವೀರ ಬಗ್ಗಿ ನೋಡಿದ. ಹೇನಿನ ನಡುವೆ ಒಂದು ಕರಿ ಮರಿಹುಳ ಹರಿದಾಡುತ್ತಿತ್ತು. ಉದ್ದ ಮೈ, ಮೈತುಂಬ ಮುಳ್ಳು, ಅಲ್ಲಲ್ಲಿ ಕಿತ್ತಳೆ ಚುಕ್ಕೆ. ಮೊಸಳೆಯೊಂದು ಅಕ್ಕಿಕಾಳಿನಷ್ಟಕ್ಕೆ ಕುಗ್ಗಿ ಬಂದ ಹಾಗಿತ್ತು.

ಅವನು ಅಂಥದ್ದನ್ನು ಹಿಂದೆ ನೋಡಿರಲಿಲ್ಲ. ಹಾಗಂತ ಹೇಳಬಹುದಿತ್ತು. ಹೇಳಲಿಲ್ಲ.

"ಹೊರಗಿನ ಹುಳದ ಮರಿ ಯವ್ವಾ ಇದು. ಕಿತ್ತಳಿ ಬಣ್ಣ ನೋಡು. ನಮ್ಮ ಕೆಂಪು ಹುಳದ ಮರಿ ಇಷ್ಟ ಹೊಲಸ ಇರ್ತದೇನು?"

"ಹೌದ ಮತ್ತ," ಅಂದಳು ನೀಲವ್ವ. "ಏನ ಮಾಡೂಣ್ರಿ?"

ಚನ್ನವೀರ ಹೆಬ್ಬೆರಳು, ತೋರುಬೆರಳು ಕೂಡಿಸಿ ಎಲೆಯ ಮೇಲೇ ಹೊಸಕಿದ.

"ಹಿಂಗ. ಕಂಡ ಕಂಡಲ್ಲಿ. ಅಜ್ಜಾರಿಗೆ ಹೇಳಬ್ಯಾಡ."

ಅವತ್ತೇ ಮನೆ ಮನೆಗೂ ಹೇಳಿ ಬಂದ. ಹೆಂಗಸರು ಭಕ್ತಿಯಿಂದ ಮಾಡಿದರು. ಆಶ್ರಮದ ಸ್ವಾಮಿ ಹೇಳಿದ ಮೇಲೆ ಕೇಳುವುದೇನಿದೆ? ಎಲೆ ಮಗುಚಿ ನೋಡುತ್ತಿದ್ದ ಕೈಗಳೇ ಈಗ ಎಲೆ ಮಗುಚಿ ಹೊಸಕತೊಡಗಿದವು.

ಕೆಲವು ದಿನ ಕಳೆದವು. ಸಂಜೆಯ ಜೋಳದ ರಾಶಿ ಕರಗತೊಡಗಿತು.

ಹುರಳಿ ಇದ್ದಷ್ಟೇ ಇತ್ತು. ಆದರೆ ಪಕ್ಕದ ಜೋಳ ಕರಗಿದ ಮೇಲೆ ಹುರಳಿಯೇ ಕಣ್ಣಿಗೆ ಕುಕ್ಕುತ್ತಿತ್ತು. ಚನ್ನವೀರ ಹಲ್ಲು ಕಚ್ಚಿ ಮತ್ತೆ ಮನೆ ಮನೆಗೆ ಹೋದ. ಇನ್ನೂ ಜೋರಾಗಿ ಹೊಸಕಿರಿ ಅಂದ.

ಬರಿಗೈಗಳು ಹೆಚ್ಚಾದವು. ಒಂದು ಬೆಳಿಗ್ಗೆ ನೀಲವ್ವನೂ ಚೀಲದೊಳಗೆ ಬರಿಗೈ ಇಟ್ಟು ತೆಗೆದಳು. ಹಿತ್ತಲಿನ ಕಡೆ ಕೈ ತೋರಿಸಿದಳು.

ಅವರೆ ಬಳ್ಳಿ ಕರಿಹೇನು ಮುತ್ತಿ ಕಪ್ಪಾಗಿತ್ತು. ಕುಡಿ ಮುರುಟಿತ್ತು. ಹೂವು ಉದುರಿ ನೆಲದ ಮೇಲೆ ಬಿದ್ದಿತ್ತು. ಎಲ್ಲೋ ನಾಲ್ಕು ಗೊಂಚಲು ಮಾತ್ರ ಉಳಿದಿದ್ದವು.

"ಈ ಸಲ ಬೀಜಕ್ಕರೆ ಉಳೀತದೇನ್ರಿ ಸ್ವಾಮ್ಯಾರ?" ಅವಳ ದನಿ ಅಳುವಂತಿತ್ತು.

ಚನ್ನವೀರ ಬಿರಬಿರನೆ ಆಶ್ರಮಕ್ಕೆ ನಡೆದ. ಗುರುಗಳು ಹೊಳೆಯ ಕಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿದ್ದರು.

"ಅಜ್ಜಾರ, ಅಪ್ಪಣಿ ಕೊಡ್ರಿ. ಕಂದು ಹುಳ ಒಂದೂ ಬಿಡದಂಗ ಹಿಡದು ಕೊಲ್ತೀನಿ. ನಮ್ಮ ಹುಳಾನ ಮುಗಸಾಕ ಬಂದಾವ ಅವು."

"ಕೊಲ್ಲೂದನ್ನ ಕಂಡೀಯೇನು?"

"ಕಂಡಿಲ್ರಿ. ಆದ್ರ ಕೆಂಪು ಹುಳ ಕಾಣವಲ್ವು. ಮತ್ತೇನ ಕಾರಣ ಇರಬೇಕು? ಮರಿ ಹೊಸಕಿಸಿದ್ರೂ ಅವು ಕಡಿಮಿ ಆಗವಲ್ವು."

ಬಾಯಿ ತಪ್ಪಿ ಬಂದಿತ್ತು. ಗುರುಗಳು ಕಾಲು ತೊಳೆಯುವುದನ್ನು ನಿಲ್ಲಿಸಿದರು.

"ಯಾವ ಮರಿ?"

ಚನ್ನವೀರ ತಲೆ ತಗ್ಗಿಸಿ ಎಲ್ಲಾ ಹೇಳಿದ. ಗುರುಗಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಅಂಥಾದ್ದೊಂದು ಮರಿ ತಗೊಂಡ ಬಾ," ಅಂದರು.

ಹುಡುಕಿದರೆ ಸಿಗಬೇಕಲ್ಲ! ಊರಿನ ಹಿತ್ತಿಲುಗಳನ್ನೆಲ್ಲ ಸುತ್ತಿದ. ಕೊನೆಗೆ ನೀಲವ್ವನ ಬಳ್ಳಿಯ ಬುಡದಲ್ಲಿ, ಒಣ ಎಲೆಯ ಮರೆಗೆ ಒಂದೇ ಒಂದು ಸಿಕ್ಕಿತು. ಗಾಜಿನ ಬಾಟಲಿಯಲ್ಲಿ ಹಾಕಿ, ಬಾಯಿಗೆ ಅರಿವೆ ಕಟ್ಟಿ ತಂದ.

"ಕೊಲ್ಲಲೇನ್ರಿ ಅಜ್ಜಾರ?"

"ಕೊಲ್ಲು. ಆದ್ರ ಅದು ಏನ ಆಗೂದೈತೋ ಮೊದಲ ಆಗಲಿ."

"ಅಲ್ಲೀತನಕ ಏನ ಮಾಡ್ಲಿ?"

"ಉಣಸು."

ಚನ್ನವೀರನಿಗೆ ಅವಮಾನವಾಯಿತು. ಆದರೆ ಹಿಡಿದ ಕೆಲಸ ಬಿಡುವವನಲ್ಲವಲ್ಲ. ದಿನಾ ಬೆಳಿಗ್ಗೆ ಹೇನು ಹತ್ತಿದ ಕುಡಿ ಮುರಿದು ತಂದು ಬಾಟಲಿಗೆ ಹಾಕಿದ. ಬೈದುಕೊಳ್ಳುತ್ತಲೇ ಹಾಕಿದ.

ಮರಿಹುಳ ತಿಂದಿತು. ತಿಂದದ್ದೆಂದರೆ, ಕುಡಿ ಬೋಳಾಗುವವರೆಗೂ ತಿಂದಿತು. ಕರಿಹೇನನ್ನು ಹೀಗೆ ತಿನ್ನುವುದು ನಮಗೆ ಹೇಗೆ ವೈರಿ ಎಂಬ ಯೋಚನೆ ಒಮ್ಮೆ ಬಂತು. ಅದನ್ನು ಅವನು ಒಳಗೇ ನುಂಗಿಕೊಂಡ.

ಒಂದು ದಿನ ಅದು ತಿನ್ನುವುದನ್ನು ಬಿಟ್ಟಿತು. ಎಲೆಗೆ ಬಾಲ ಅಂಟಿಸಿ, ಮೈ ಗುಂಡಗೆ ಮಾಡಿ, ಅಲುಗದೆ ಕೂತುಬಿಟ್ಟಿತು.

"ಸತ್ತತ್ರಿ ಅಜ್ಜಾರ."

ಸಂತೋಷವಾಗಬೇಕಿತ್ತು. ಆಗಲಿಲ್ಲ. ದಿನಾ ಉಣ್ಣಿಸಿದ ಕೈಗೆ ಈಗ ಮಾಡಲು ಏನೂ ಇರಲಿಲ್ಲ. ಅವನಿಗೇ ತನ್ನ ಮೇಲೆ ಸಿಟ್ಟು ಬಂತು.

"ಬಾಟ್ಲಿ ಒಗೀಬ್ಯಾಡ," ಅಂದರು ಗುರುಗಳು.

ಮತ್ತೊಂದು ಬೆಳಿಗ್ಗೆ ಆ ಗುಂಡು ಮೈ ಮೆಲ್ಲಗೆ ಬಿರಿಯಿತು. ಒಳಗಿನಿಂದ ಒಂದು ಹುಳ ತೆವಳಿ ಹೊರಗೆ ಬಂತು. ದುಂಡಗಿತ್ತು. ಆದರೆ ಬಣ್ಣ ಹಳದಿ, ಬೆಣ್ಣೆಯಂಥ ಮೆತ್ತನೆಯ ಹಳದಿ. ಒಂದು ಬೊಟ್ಟೂ ಇಲ್ಲ.

ಚನ್ನವೀರ ಭಿಕ್ಷೆಗೆ ಹೋಗುವುದನ್ನು ಮರೆತ. ಬಾಟಲಿ ಮುಂದಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಕಂದು ಆಗು, ಕಂದು ಆಗು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಕಂದಾದರೆ ತನ್ನ ಮಾತು ಉಳಿಯುತ್ತದೆ.

ಬಿಸಿಲೇರಿತು. ಹಳದಿಯ ಮೇಲೆ ಮಸುಕಾಗಿ ಏನೋ ಮೂಡಿತು. ಕಣ್ಣುಜ್ಜಿಕೊಂಡು ನೋಡಿದ. ಬೊಟ್ಟು. ಅದರ ಪಕ್ಕ ಇನ್ನೊಂದು. ಹಳದಿ ಮೆಲ್ಲಗೆ ಕಿತ್ತಳೆಯಾಯಿತು, ಕಿತ್ತಳೆ ಕೆಂಪಿನ ಕಡೆ ತಿರುಗಿತು.

ಅವನು ತನ್ನ ಬೆರಳುಗಳತ್ತ ನೋಡಿಕೊಂಡ. ಆಮೇಲೆ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಗುರುಗಳು ಬಂದು ಬಾಟಲಿ ಎತ್ತಿ ಅವನ ಮುಂದೆ ಹಿಡಿದರು.

"ಆಗೂದು ಆತು. ಇನ್ನ ಕೊಲ್ಲು."

"ಅಜ್ಜಾರ, ಹಂಗನ್ನಬ್ಯಾಡ್ರಿ!" ಅವನು ಗುರುಗಳ ಕಾಲು ಹಿಡಿದ. "ನಿಮಗ ಮೊದಲ ಗೊತ್ತಿತ್ತೇನ್ರಿ?"

"ಇಲ್ಲ. ಅದಕ್ಕ ತರಾಕ ಹೇಳಿದೆ."

ಚನ್ನವೀರ ಕಣ್ಣೊರೆಸಿಕೊಂಡ.

"ದೊಡ್ಡ ಪಾಪ ಮಾಡೇನ್ರಿ. ಮೌನ ಹಿಡೀತೀನಿ. ವರ್ಷಗಟ್ಟಲೆ ಬಾಯಿ ಬಿಡೂದಿಲ್ಲ."

"ಹೊಸಕ್ರಿ ಅಂದದ್ದು ಯಾವ ಬಾಯಿ?"

"ಇದ ಬಾಯಿ."

"ಮೊದಲ ಆ ಬಾಯಿ ತಗೊಂಡು ಮನಿ ಮನಿಗೆ ಹೋಗು. ಮೌನ ಎಲ್ಲಿ ಓಡಿ ಹೋಗತೈತಿ?"

"ನೀವೂ ಬರ್ರಿ ಅಜ್ಜಾರ. ನಿಮ್ಮ ಮಾತಾದ್ರ ಕೇಳ್ತಾರ."

"ಹೊಸಕಾಕ ಹೇಳೂವಾಗ ನನ್ನ ಕರದಿದ್ದೇನು?"

ಚನ್ನವೀರ ಎದ್ದ. ಒಂದು ಮನೆಯನ್ನೂ ಬಿಡುವುದಿಲ್ಲ ಎಂದು ನಿರ್ಧರಿಸಿ, ಜೋಳಿಗೆ ಹೆಗಲಿಗೆ ಹಾಕಿ, ಬಾಟಲಿ ಹಿಡಿದು ಮೊದಲು ನೀಲವ್ವನ ಮನೆಗೇ ಹೋದ. ಅತಿ ಕಷ್ಟದ ಬಾಗಿಲು ಅದೇ ಎಂದು ಗೊತ್ತಿದ್ದೇ ಹೋದ.

"ಯವ್ವಾ, ನಾ ಹೊಸಕಿಸಿದ್ದು ನಮ್ಮ ಕೆಂಪು ಹುಳದ ಮರಿಗಳನ್ನ. ಇಲ್ಲಿ ನೋಡು, ಅದ ಕರಿ ಮರಿ ಹಿಂಗ ಆಗೇತಿ. ನಿನ್ನ ಬಳ್ಳಿ ಹಾಳಾದದ್ದು ನನ್ನಿಂದ."

ನೀಲವ್ವ ಬಾಟಲಿ ನೋಡಿದಳು. ಅವನ ಮುಖ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

"ಈ ಬೆರಳಿಲೆ ಹೊಸಕೇನ್ರಿ ಸ್ವಾಮ್ಯಾರ. ದಿನಾ ನಿಂತು ಹುಡುಕಿ ಹುಡುಕಿ ಹೊಸಕೇನಿ. ಸೇವಾ ಅಂತ."

"ತಪ್ಪು ನಂದು ಯವ್ವಾ. ಇನ್ನ ಮ್ಯಾಲೆ ಕರಿ ಮರಿ ಕಂಡ್ರ ಬಿಟ್ಟುಬಿಡು."

"ಹೊಸಕು ಅಂದ್ರಿ, ಹೊಸಕಿದೆ. ಈಗ ಬಿಡು ಅಂತೀರಿ. ನಾಳೆ ಏನಂತೀರಿ?" ಅವಳ ದನಿ ಏರಿತು. "ಇದು ಆ ಮರೀನ ಅಂತ ನಾ ಹೆಂಗ ನಂಬಲಿ? ಎಲ್ಲಿಂದರೆ ಒಂದು ಕೆಂಪು ಹುಳ ಹಿಡಕೊಂಡ ಬಂದಿರಬೇಕು!"

ಚನ್ನವೀರ ಬಾಟಲಿಯ ಅರಿವೆ ಬಿಚ್ಚಿ, ಹುಳವನ್ನು ಅವರೆ ಬಳ್ಳಿಯ ಉಳಿದ ಗೊಂಚಲಿನ ಮೇಲೆ ಬಿಟ್ಟ. ಅದು ಅಲ್ಲೇ ಹೇನು ತಿನ್ನತೊಡಗಿತು.

ನೀಲವ್ವ ದಾಸವಾಳದ ಗಿಡದ ಹತ್ತಿರ ಹೋಗಿ ಒಂದು ಟೊಂಗೆ ಬಗ್ಗಿಸಿದಳು. ಬಿಳಿ ಹಿಟ್ಟುತಿಗಣೆಗಳ ನಡುವೆ, ಹತ್ತಿಯ ಎಳೆ ಹೊದ್ದಂಥ ಬಿಳಿ ಮರಿಯೊಂದು ಹರಿಯುತ್ತಿತ್ತು.

"ಇದೇನು ಹೇಳ್ರಿ ಹಂಗಾದ್ರ. ಇದೂ ತಿಗಣಿನೋ, ತಿಗಣಿ ತಿನ್ನೂ ಹುಳದ ಮರಿನೋ?"

ಚನ್ನವೀರನ ಬಾಯಿ ರೂಢಿಯಂತೆ ತೆರೆಯಿತು. ಮಾತು ನಾಲಿಗೆ ತುದಿಗೆ ಬಂದಿತ್ತು. ಕಷ್ಟಪಟ್ಟು ಬಾಯಿ ಮುಚ್ಚಿಕೊಂಡ.

"ಗೊತ್ತಿಲ್ಲ ಯವ್ವಾ."

"ಗೊತ್ತಿಲ್ಲ!" ನೀಲವ್ವ ಅವನ ಕೈಯಿಂದ ಬಾಟಲಿ ಕಸಿದುಕೊಂಡಳು. ಟೊಂಗೆ ಮುರಿದು ಬಿಳಿ ಮರಿಯ ಸಮೇತ ಅದರೊಳಗೆ ಇಟ್ಟಳು. ಅರಿವೆ ಬಿಗಿದು ಕಟ್ಟಿದಳು. "ಇದು ಇಲ್ಲೇ ಇರಲಿ. ನೀವಿನ್ನ ನಡೀರಿ."

ಬಾಗಿಲು ದಡ್ಡನೆ ಮುಚ್ಚಿತು.

ಉಳಿದ ಮನೆಗಳಲ್ಲಿ ಇದಕ್ಕಿಂತ ಹಗುರಾಗಿತ್ತು ಎಂದೇನಿಲ್ಲ. ಒಬ್ಬಳು ನಕ್ಕಳು. ಇನ್ನೊಬ್ಬಳು ಗಂಡನನ್ನು ಕರೆದು ಅವನ ಮುಂದೆಯೇ ಇಡೀ ಕಥೆ ಮತ್ತೊಮ್ಮೆ ಹೇಳಿಸಿದಳು. ಮತ್ತೊಂದು ಮನೆಯ ಮುದುಕಿ ಕೇಳಿ ಮುಗಿಸಿ, ಉಪ್ಪಿನಕಾಯಿ ಬಾಟಲಿ ತೊಳೆಯಲು ಕೂತಳು. ಚನ್ನವೀರನಿಗೆ ಅಳು ಬಂದರೂ ನಿಲ್ಲಲಿಲ್ಲ. ತಾನು ಹೊಸಕಿಸಿದ ಮನೆಗಳಿಗೆಲ್ಲ ಹೋಗಿ, ಅದೇ ಮಾತನ್ನು ಒಂದಕ್ಷರ ಬಿಡದೆ ಹೇಳಿದ.

ಹೊತ್ತು ಇಳಿಯುವಾಗ ಖಾಲಿ ಜೋಳಿಗೆ ಹೊತ್ತು ಆಶ್ರಮಕ್ಕೆ ಬಂದ. ಗುರುಗಳ ಮುಂದೆ ಕುಸಿದು ಕೂತ.

"ಎಲ್ಲಾ ಮನಿಗೂ ಹೇಳಿದೆ ಅಜ್ಜಾರ. ಒಬ್ರೂ ನಂಬಲಿಲ್ಲ. 'ನಿಮ್ಮ ಮಾತು ಬ್ಯಾಡ, ನಾವ ಬಾಟ್ಲ್ಯಾಗ ಇಟ್ಟು ನೋಡ್ತೀವಿ' ಅಂದ್ರು. ಇನ್ನ ಈ ಊರಾಗ ನನ್ನ ಮಾತು ಯಾರೂ ಕೇಳೂದಿಲ್ರಿ."

"ಛಲೋ ಆತು," ಅಂದರು ಗುರುಗಳು. "ಇನ್ನ ಹುಳ ನೋಡ್ತಾರ."