ಸೀಳುಮಾಳಿಗೆ ಗುಡ್ಡ

ಹೊಳೆಬಾಗಿಲು ನಗರದ ಪಡುಬದಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಗೆ ಎದುರಾಗಿ ಒಂದು ಗುಡ್ಡವಿದೆ. ಅದರ ಬುಡದಲ್ಲಿ ಮುರಕಲ್ಲಿನ ಎರಡು ಮೋಟುಗೋಡೆಗಳು, ನಡುವೆ ಒಂದು ದೋಣಿ ಅಡ್ಡಡ್ಡ ಹಿಡಿಸುವಷ್ಟು ಜಾಗ ಬಿಟ್ಟು ನಿಂತಿವೆ. ಗೋಡೆಗಳಿಗೆ ಈಗ ಬಣ್ಣದ ದೀಪ ಹಾಕಿದ್ದಾರೆ, ಸುತ್ತ ಹುಲ್ಲು ಹಾಸಿದ್ದಾರೆ, ನಡುವಿನ ತೆರಪಿನಲ್ಲಿ ಕಲ್ಲುಬೆಂಚು ಇಟ್ಟಿದ್ದಾರೆ. ಗೋಡೆಗಳ ಬೆನ್ನಿಗೆ ಮೂವತ್ತನಾಲ್ಕು ಅಂತಸ್ತಿನ ವಸತಿ ಕಟ್ಟಡ ಎಬ್ಬಿಸಿದವರದೇ ಈ ಔದಾರ್ಯ. ಸಂಜೆ ಬಂದವರು ಬೆಂಚಿನ ಮೇಲೆ ಕೂತು ಸೂರ್ಯಾಸ್ತದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಗುಡ್ಡಕ್ಕೆ ಸೀಳುಮಾಳಿಗೆ ಎಂಬ ಹೆಸರು ಏಕೆ ಬಂತೆಂದು ಅಲ್ಲಿಯ ಫಲಕದಲ್ಲಿ ಒಂದಕ್ಷರವಿಲ್ಲ. ಬರೆದರೆ ಕಟ್ಟಿದವರ ಮಾನ ಹೋಗುತ್ತದೆ. ಆದ್ದರಿಂದ ಮೂವತ್ತೆರಡು ವರ್ಷ ಇದೇ ಊರಿನ ಶಾಲೆಯಲ್ಲಿ ಪಾಠ ಹೇಳಿದ ನಾನು ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಊರು ಮೀನುಗಾರರ ಕೇರಿ ಮತ್ತು ಮೆಣಸಿನ ಬಂದರು ಮಾತ್ರವಾಗಿದ್ದ ಕಾಲದಲ್ಲಿ, ಗುಡ್ಡದ ನೆತ್ತಿಯಲ್ಲಿ ಒಂಟಿ ತಾಳೆಮರವೂ ಕೆಳಗೆ ಮರಳ ದಂಡೆಯಲ್ಲಿ ಕಡಲಿಗಿಳಿದವರನ್ನು ಕಾಯುವ ದೈವ ಬೊಬ್ಬರ್ಯನ ಸುಣ್ಣ ಬಳಿದ ಗುಡಿಯೂ ಇದ್ದವು. ಅಳಿವೆಯ ಎರಡು ಕಡೆಯೂ ನೀರೊಳಗೆ ಬಂಡೆಗಳು. ನಡುವೆ ಒಂದೇ ಓಣಿ. ಕಡಲಿನಿಂದ ಮರಳುವ ದೋಣಿಯನ್ನು ನಡೆಸುವ ತಾಂಡೇಲನು ಬಿಳಿ ಗುಡಿಯ ನೇರಕ್ಕೆ ಮೇಲೆ ತಾಳೆಮರ ಬರುವಂತೆ ನೋಡಿಕೊಳ್ಳುತ್ತಿದ್ದ. ಮರ ಗುಡಿಯ ಎಡಕ್ಕೆ ಸರಿದರೆ ದೋಣಿ ಎಡಕ್ಕೆ ತಪ್ಪಿದೆ, ಬಲಕ್ಕೆ ಸರಿದರೆ ಬಲಕ್ಕೆ ತಪ್ಪಿದೆ. ಎರಡೂ ಒಂದೇ ಗೆರೆಯಲ್ಲಿ ನಿಂತಾಗ ಕಣ್ಣುಮುಚ್ಚಿ ಹುಟ್ಟು ಹಾಕಬಹುದು. ತಾಳೆಮರ ಸತ್ತರೆ ಅದೇ ಗುಂಡಿಯಲ್ಲಿ ಇನ್ನೊಂದನ್ನು ನೆಡುವುದು ಕೇರಿಯ ಕಟ್ಟಳೆ. ಈಗಿರುವುದು ನಾಲ್ಕನೆಯದು ಎನ್ನುತ್ತಾರೆ.

ಆಗ ದುಗ್ಗಪ್ಪನೆಂಬ ಮೆಣಸಿನ ವರ್ತಕ ಗುಡಿಯ ಹಿಂದೆ, ಗುಡ್ಡದ ಬುಡದಲ್ಲಿ, ಮೂರಂತಸ್ತಿನ ಮಾಳಿಗೆ ಎಬ್ಬಿಸತೊಡಗಿದ. ಸೀಮೆಯ ಅರಸನ ಮನೆಗೂ ಎರಡೇ ಅಂತಸ್ತು. ಮಳೆಗಾಲಕ್ಕೆ ದೋಣಿ ದಡ ಹತ್ತಿದ್ದಾಗ ಕೆಲಸ ಶುರುವಾದ್ದರಿಂದ, ಕಡಲಿಂದ ನೋಡಿದರೆ ತಾಳೆಮರ ಕಾಣದೆಂಬುದು ಕೇರಿಯವರಿಗೆ ತಿಳಿದದ್ದು ಮೂರನೆಯ ಅಂತಸ್ತಿಗೆ ಮಾಡು ಕೂತ ಮೇಲೆ, ಹೊಸ ಹಂಗಾಮಿನ ಮೊದಲ ದಿನ. ತಾಂಡೇಲ ಮಾಸ್ತಿ ಹಿರಿಯರನ್ನು ಕಟ್ಟಿಕೊಂಡು ಹೋಗಿ ಮೇಲಿನ ಒಂದಂತಸ್ತನ್ನಾದರೂ ಇಳಿಸಬೇಕೆಂದು ಕೈಮುಗಿದ. ವರ್ತಕ ನಕ್ಕನಂತೆ. ಸೊರಗಿದ ತಾಳೆಮರಕ್ಕೇಕೆ ಜೋತುಬೀಳುತ್ತೀರಿ, ಮಾಳಿಗೆಗೆ ಸುಣ್ಣ ಹೊಡೆಸುತ್ತೇನೆ, ನಾಲ್ಕು ಹರದಾರಿ ದೂರಕ್ಕೂ ಕಾಣುತ್ತದೆ, ಇನ್ನು ಮುಂದೆ ಅದನ್ನೇ ಕುರುಹು ಮಾಡಿಕೊಳ್ಳಿ ಎಂದನಂತೆ. ಅದಕ್ಕೆ ಮಾಸ್ತಿ ಹೇಳಿದ ಮಾತು ಕೇರಿಯಲ್ಲಿ ಇಂದಿಗೂ ಉಳಿದಿದೆ.

"ಒಡೆಯಾ, ನಿಮ್ ಮಾಳ್ಗಿ ಎಲ್ಲಿತ್ತ್ ಅಂದ್ ನಮ್ಗೆ ಗೊತ್ತಾತ್ತ್. ನಾವ್ ಎಲ್ಲಿದ್ದೊ ಅಂದ್ ಗೊತ್ತಾಪುದ್ ಹ್ಯಾಂಗೆ?"

ಹುಟ್ಟು ಹಿಡಿದವನಿಗೆ ಎರಡು ಕುರುಹು ಬೇಕು, ಒಂದು ಮುಂದೆ, ಒಂದು ಹಿಂದೆ. ಇಷ್ಟು ಸಣ್ಣ ವಿಷಯ ಮೆಣಸು ತೂಗಿ ಬೆಳೆದ ತಲೆಗೆ ಹೋಗಲಿಲ್ಲ. ಸುಣ್ಣ ಹೊಡೆಸಿದ. ಬಿಳಿ ಗೋಡೆಯ ಮುಂದೆ ಬಿಳಿ ಗುಡಿಯೂ ಕಾಣದಂತಾಯಿತು.

ಕಡಲು ತಣ್ಣಗಿದ್ದುದರಿಂದ ಎಂಟು ದಿನ ಹೇಗೋ ಕಳೆಯಿತು. ನಡುಹಗಲಲ್ಲಿ ಗಾಳಿ ತಿರುಗಿ ಕಡಲು ಎದ್ದಿತು. ಐದು ದೋಣಿಗಳು ಅಳಿವೆಯ ಹೊರಗಿದ್ದವು. ಮೊದಲು ಒಳಬಂದದ್ದು ಮಾಸ್ತಿಯದು. ಹೆಂಡತಿ ಅಕ್ಕಣಿ ದಂಡೆಯಲ್ಲಿ ನಿಂತು ನೋಡುತ್ತಿದ್ದಂತೆಯೇ ದೋಣಿ ಓಣಿಯಿಂದ ಮೂರು ಮಾರು ತೆಂಕಕ್ಕೆ ಬಂದು ಬಂಡೆಗೆ ಬಡಿದು ಹೋಳಾಯಿತು. ಏಳು ಜನರಲ್ಲಿ ಒಬ್ಬನೂ ದಡ ಕಾಣಲಿಲ್ಲ. ಅದನ್ನು ಕಂಡ ಉಳಿದ ನಾಲ್ಕು ದೋಣಿಗಳು ಹೊರಗೇ ನಿಂತವು. ಅವುಗಳಲ್ಲೊಂದರಲ್ಲಿ ಅಕ್ಕಣಿಯ ಒಬ್ಬನೇ ಮಗ ಸೂರನಿದ್ದ. ಒಳಬಂದರೆ ಬಂಡೆ, ಹೊರಗೆ ನಿಂತರೆ ಕತ್ತಲಾಗುವುದರೊಳಗೆ ಕಡಲು ಮಗುಚುತ್ತದೆ.

ಅಕ್ಕಣಿ ಅಳಲಿಲ್ಲ ಎನ್ನುತ್ತಾರೆ. ದೋಣಿ ತಳ್ಳಲು ಇಟ್ಟಿದ್ದ ಕಬ್ಬಿಣದ ಹಾರೆ ಎತ್ತಿಕೊಂಡು ನೇರ ಮಾಳಿಗೆಗೆ ನಡೆದಳು. ಹಿಂದೆ ಕೇರಿಯ ಹೆಂಗಸರೆಲ್ಲ ಪಿಕ್ಕಾಸು, ಒನಕೆ, ಕೈಗೆ ಸಿಕ್ಕಿದ್ದು ಹಿಡಿದು ನಡೆದರು. ಬಾಗಿಲಲ್ಲಿ ಅಡ್ಡನಿಂತ ದುಗ್ಗಪ್ಪನ ಆಳುಗಳು ಅವಳ ಮುಖ ಕಂಡು ದಾರಿ ಬಿಟ್ಟರು. ಹೆಂಗಸರು ಅಟ್ಟ ಹತ್ತಿ ನಟ್ಟನಡುವಿನ ಮಾಡು ಕಿತ್ತರು, ಗಾರೆ ಇನ್ನೂ ಒಣಗದ ಗೋಡೆಗಳನ್ನು ಹಿಂದೆ ಮುಂದೆ ಎರಡೂ ಕಡೆ ಮೇಲಿಂದ ಮೀಟುತ್ತ ಬಂದರು. ದುಗ್ಗಪ್ಪ ಅಂಗಳದಲ್ಲಿ ನಿಂತು ಅರಸನ ಹೆಸರು ಹೇಳಿ ಕೂಗುತ್ತಿದ್ದ. ಅಕ್ಕಣಿ ಮೇಲಿಂದಲೇ, ಕಲ್ಲು ಬೀಳ್ತಿತ್ತ್, ಆಚಿ ನಿಲ್ಲಿ ಎಂದಷ್ಟೇ ಹೇಳಿದಳಂತೆ. ಹೊತ್ತು ಮುಳುಗಲು ಆಳೆತ್ತರವಿದ್ದಾಗ ಮಾಳಿಗೆಯ ನಡು ಬಾಯಿಬಿಟ್ಟಿತು, ಅದರಾಚೆ ತಾಳೆಮರ ಕಂಡಿತು. ಸುಣ್ಣದ ಗೋಡೆ ಹೋದದ್ದರಿಂದ ಗುಡಿಯೂ ಕಂಡಿತು. ನಾಲ್ಕು ದೋಣಿಗಳು ಒಂದರ ಹಿಂದೊಂದು ಓಣಿ ಹಿಡಿದು ಬಂದವು. ಸೂರ ದಡಕ್ಕಿಳಿದು ಅಪ್ಪನೆಲ್ಲಿ ಎಂದು ಕೇಳಿದ ಮೇಲೆಯೇ ಅವಳು ಹಾರೆ ಕೆಳಗಿಟ್ಟು ಅತ್ತದ್ದು.

ದುಗ್ಗಪ್ಪ ಅರಸನಲ್ಲಿಗೆ ದೂರು ಒಯ್ದ. ಅರಸ ಬಂದು, ತಾನೇ ದೋಣಿ ಹತ್ತಿ ಅಳಿವೆಯ ಹೊರಗೆ ಹೋಗಿ ನೋಡಿದ. ಮರಳಿ ಬಂದವನೇ ಸೀಳನ್ನು ನೆಲದವರೆಗೆ ತೆಗೆಸಿ, ಗುಡಿಯಿಂದ ತಾಳೆಮರದವರೆಗಿನ ಗೆರೆಯಲ್ಲಿ ಯಾರೂ ಏನನ್ನೂ ಕಟ್ಟಬಾರದೆಂದು ಕಟ್ಟಾಜ್ಞೆ ಮಾಡಿದ. ಅಂದಿನಿಂದ ಗುಡ್ಡಕ್ಕೆ ಸೀಳುಮಾಳಿಗೆ ಎಂದು ಹೆಸರಾಯಿತು. ಆ ಆಜ್ಞೆಯನ್ನು ಎಷ್ಟೋ ತಲೆಮಾರು ಯಾರೂ ಮೀರಿರಲಿಲ್ಲ.

ಈಗ ಮೀರಿದ್ದಾರೆ. ಗೋಡೆಗಳನ್ನು ಜೋಪಾನ ಮಾಡಿ, ಅವುಗಳ ಹಿಂದೆ, ಸರಿಯಾಗಿ ಗೆರೆಯ ಮೇಲೆಯೇ ಕಟ್ಟಿದ್ದಾರೆ. ಕಡಲಿನಿಂದ ನೋಡಿದರೆ ಈಗ ಗುಡ್ಡವೇ ಇಲ್ಲ. ಗಂಗೊಳ್ಳಿಯದೋ ಗೋವೆಯದೋ ಮುಂಬಯಿಯದೋ ಎಂದು ತಿಳಿಯದ ಒಂದು ಬಿಳಿ ಗೋಡೆ ಆಕಾಶಕ್ಕೆ ನಿಂತಿದೆ. ನಗರದ ಹೊಸ ಹೆಗ್ಗುರುತು ಎಂದು ಅದರ ಜಾಹೀರಾತು ಹೇಳುತ್ತದೆ. ದುಗ್ಗಪ್ಪ ಹೇಳಿದ್ದೂ ಇದನ್ನೇ. ನಾನು ಅರ್ಜಿ ಹಿಡಿದು ನಗರಸಭೆಯ ಕಚೇರಿಗೆ ಹೋದಾಗ ಸಾಹೇಬರು, ಈಗ ಎಲ್ಲರ ಮೊಬೈಲಿನಲ್ಲೂ ದಾರಿ ಕಾಣುತ್ತದಲ್ಲ ಎಂದರು. ಅಲೆಯಲ್ಲಿ ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈಯಲ್ಲಿ ಬಲೆ ಹಿಡಿದವನು ಮೊಬೈಲನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. ನನಗೆ ಬಂದದ್ದು ಅದಕ್ಕಿಂತ ಹೆಚ್ಚು. ಹೋದ ವರ್ಷ ಮೊದಲ ಮಳೆಗೆ ನಾಡದೋಣಿಯೊಂದು ಅದೇ ತೆಂಕಣ ಬಂಡೆಗೆ ಬಡಿದು ಇಬ್ಬರು ಸತ್ತರು. ಇಬ್ಬರೂ ನನ್ನ ತರಗತಿಯಲ್ಲಿ ಕೂತವರು.

ಸೀಳುಮಾಳಿಗೆಗೆ ಬಂದವರು ಫೋಟೋ ಮುಗಿಸಿ ಒಮ್ಮೆ ಬೆನ್ನ ಹಿಂದೆ ತಿರುಗಿ ನೋಡಬೇಕು. ಸೀಳಿನ ತುಂಬ ಕಾಣುವುದು ಆ ಕಟ್ಟಡದ ಕಾರು ನಿಲ್ಲಿಸುವ ಅಂತಸ್ತುಗಳು. ಹಾಗೆಯೇ ದಂಡೆಗಿಳಿದರೆ ಬೊಬ್ಬರ್ಯನ ಗುಡಿಯಲ್ಲಿ ಅಕ್ಕಣಿಯ ಹಾರೆಯನ್ನೂ ನೋಡಬಹುದು. ಪ್ರತಿ ಹಂಗಾಮಿನ ಮೊದಲ ದಿನ ಕೇರಿಯ ಹಿರಿಯ ಹೆಂಗಸು ಅದಕ್ಕೆ ಎಣ್ಣೆ ಸವರುತ್ತಾಳೆ. ಈ ಸಲ ಸವರಿದ್ದು ಲಚ್ಚಕ್ಕ, ಸತ್ತ ಇಬ್ಬರಲ್ಲಿ ಒಬ್ಬನ ಅಜ್ಜಿ. ಹಾರೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂವತ್ತನಾಲ್ಕು ಅಂತಸ್ತನ್ನೂ ಬುಡದಿಂದ ತುದಿಯವರೆಗೆ ನೋಡಿದಳು.

"ಇದ್ಕೆ ಈ ಹಾರಿ ಸಾಕಾತ್ತಿಲ್ಲೆ, ಮಾಷ್ಟ್ರೆ," ಎಂದಳು.

ಹಾಗಾದರೆ ಎಣ್ಣೆ ಏಕೆ ಎಂದು ಕೇಳಿದೆ. ಅವಳು ತಲೆ ಎತ್ತದೆ ಹಾರೆಯ ಮೊನೆಗೆ ಇನ್ನೊಂದು ಸಲ ಎಣ್ಣೆ ಹಚ್ಚಿದಳು.

"ತುಕ್ಕ್ ಹಿಡೀದೆ ಇರ್ಲಿ ಅಂದ್."