ಬಗ್ಗದ ಸೊಸೆ

"ಗುರುಗಳೇ, ಪರೀಕ್ಷಿಸಿ ನೋಡಿದ ಮೇಲೂ ತಪ್ಪಾಗುವುದುಂಟೆ?" ಎಂದು ಶಿಷ್ಯ ಕೇಳಿದ.

ಮಠದ ದಾಸೋಹದ ಹೊಣೆ ಅವನದು. ಅಡುಗೆಯ ಮುರಿಗೆಪ್ಪ ಒಂದು ತಿಂಗಳಿಂದ ಅನ್ನ ಇಳಿಸಿದ ಕೂಡಲೇ ಹೊರಟುಬಿಡುತ್ತಿದ್ದ, ಬಡಿಸಲು ನಿಲ್ಲುತ್ತಿರಲಿಲ್ಲ. ಶಿಷ್ಯ ಅವನ ಓಣಿಯಲ್ಲಿ ವಿಚಾರಿಸಿದ, ಮನೆಯ ತನಕ ಹಿಂಬಾಲಿಸಿ ನೋಡಿದ. ಬೇಗ ಹೋಗಲು ಕಾರಣವಾಗುವಂಥ ಯಾವ ತೊಂದರೆಯೂ ಅಲ್ಲಿ ಕಾಣಲಿಲ್ಲ. ನಾಳೆಯಿಂದ ಬರಬೇಡ ಎಂದು ಹೇಳಿಬಿಡುವುದೆಂದು ತೀರ್ಮಾನಿಸಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಾಳಿನ ವ್ಯಾಪಾರಿ ಇದ್ದ. ಅವನ ಮನೆಗೆ ಸೊಸೆ ಬಂದಳು. ಆ ಮನೆಯಲ್ಲಿ ಸೊಸೆಯಾದವಳು ದಿನಾ ಬೆಳಿಗ್ಗೆ ಪೂಜೆ ಮುಗಿದೊಡನೆ ಅತ್ತೆ ಮಾವನ ಪಾದ ಮುಟ್ಟಿ ನಮಸ್ಕರಿಸಬೇಕು. ಮೂರು ತಿಂಗಳು ಹಾಗೆಯೇ ನಡೆಯಿತು. ನಾಲ್ಕನೆಯ ತಿಂಗಳಲ್ಲಿ ಅವಳು ಬಗ್ಗುವುದನ್ನು ನಿಲ್ಲಿಸಿದಳು. ನಿಂತಲ್ಲೇ ಕೈಮುಗಿದು ಒಳಗೆ ಹೋಗುತ್ತಿದ್ದಳು. ಕೇಳಿದ್ದಕ್ಕೆ, ಬಗ್ಗಿದರೆ ತಲೆ ಸಿಡಿಯುತ್ತದೆ ಎಂದಳು.

ಅತ್ತೆ ನಂಬಲಿಲ್ಲ. "ರೊಟ್ಟಿ ಬಡಿಯೂಮುಂದ ಬರದ ನೋವು ಕಾಲು ಮುಟ್ಟೂಮುಂದ ಅಷ್ಟ ಬರ್ತೈತೇನು?" ಎಂದಳು. ರೊಟ್ಟಿ ಬಡಿಯುವವಳು ನೆಟ್ಟಗೆ ಕೂತಿರುತ್ತಾಳೆ, ಕಾಲು ಮುಟ್ಟುವವಳು ತಲೆಯನ್ನು ಕೆಳಗೆ ಮಾಡುತ್ತಾಳೆ. ಇಷ್ಟು ಅತ್ತೆಗೂ ಗೊತ್ತಿತ್ತು. ಆದರೆ ಮನಸ್ಸು ನೊಂದಾಗ ಗೊತ್ತಿದ್ದದ್ದೂ ನೆನಪಿಗೆ ಬರುವುದಿಲ್ಲ. ಸೊಸೆಗೆ ಸೊಕ್ಕು ಎಂಬ ಮಾತು ನೆಂಟರ ಬಾಯಿಗೆ ಬಿತ್ತು. ಗಂಡ ಎನ್ನಿಸಿಕೊಂಡವನು ಅಪ್ಪನ ಎದುರು ಬಾಯಿ ಬಿಡುವ ಆಸಾಮಿಯಲ್ಲ.

ವ್ಯಾಪಾರಿ ಮಾತ್ರ ನ್ಯಾಯವಂತ. ಸುಮ್ಮನೆ ದೂರುವುದೇಕೆ, ಪರೀಕ್ಷೆಯೇ ಆಗಲಿ ಎಂದು ಸೊಸೆಯನ್ನು ಪೇಟೆಯ ವೈದ್ಯರ ಬಳಿ ಕರೆದೊಯ್ದ. ಅಲ್ಲಿ ಅವಳಿಗೆ ಮಾತಾಡಲು ಬಿಡಲಿಲ್ಲ. ಎಲ್ಲವನ್ನೂ ತಾನೇ ಹೇಳಿದ, ಬಗ್ಗಿದಾಗ ಎಂಬ ಒಂದು ಮಾತನ್ನು ಬಿಟ್ಟು. ವೈದ್ಯರು ಮುಖದ ಎಕ್ಸ್‌ರೇ ತೆಗೆಸಿದರು. ಹಣೆಯ ಮತ್ತು ಕೆನ್ನೆಯ ಮೂಳೆಗಳೊಳಗೆ ಸೈನಸ್ ಎಂಬ ಗಾಳಿಗೂಡುಗಳಿರುತ್ತವೆ. ಅವು ಸ್ವಚ್ಛವಾಗಿದ್ದವು. "ಇದರಲ್ಲಿ ಏನೂ ಕಾಣುತ್ತಿಲ್ಲ" ಎಂದರು ವೈದ್ಯರು. ವ್ಯಾಪಾರಿ ಮನೆ ತಲುಪುವಷ್ಟರಲ್ಲಿ ಆ ಮಾತು "ಏನೂ ಇಲ್ಲ" ಎಂದಾಗಿತ್ತು.

ಬಂದು ಮಗಳನ್ನು ಕರೆದುಕೊಂಡು ಹೋಗಲಿ ಎಂದು ಅವಳ ತಂದೆಗೆ ಹೇಳಿಕಳಿಸಿದ. ಹಾಗೆ ಹೋದವಳು ಮರಳಿ ಬರುವ ಮಾತಿರಲಿಲ್ಲ. ಸೊಸೆಗೆ ಆ ಮನೆ ಬೇಕಾಗಿತ್ತು, ಗಂಡನೂ ಬೇಕಾಗಿದ್ದ. ನೋವು ದಿನಾ ಬರುತ್ತಲೇ ಇತ್ತು. ಆದರೆ ಎಲ್ಲರೂ ಇಲ್ಲವೆನ್ನುವುದನ್ನು ಕೇಳಿ ಕೇಳಿ ಅವಳಿಗೇ ತನ್ನ ನೋವಿನ ಮೇಲೆ ಅನುಮಾನ ಹುಟ್ಟಿತು. ಇದಕ್ಕಿಂತ ಕೆಟ್ಟ ಸ್ಥಿತಿ ಮನುಷ್ಯರಿಗೆ ಬರಬಾರದು.

ತಂದೆ ರೈತ, ಜಗಳಗಂಟನಲ್ಲ. ಕರೆದೊಯ್ಯುತ್ತೇನೆ, ದಾರಿಯಲ್ಲಿ ದೊಡ್ಡಾಸ್ಪತ್ರೆ ಇದೆ, ಒಮ್ಮೆ ತೋರಿಸೋಣ, ನೀವೂ ಬನ್ನಿ ಎಂದಷ್ಟೇ ಕೇಳಿಕೊಂಡ. ವ್ಯಾಪಾರಿ ಎಕ್ಸ್‌ರೇ ಫಿಲ್ಮನ್ನು ಕಂಕುಳಲ್ಲಿ ಇಟ್ಟುಕೊಂಡು ಧೈರ್ಯವಾಗಿಯೇ ಹೊರಟ.

ಅಲ್ಲಿದ್ದವರು ಕಿವಿ ಮೂಗಿನ ವೈದ್ಯೆ. ಫಿಲ್ಮು ನೋಡಿ ಬದಿಗಿಟ್ಟು, ಸೊಸೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಯಾವಾಗ ನೋವು ಎಂದು ಕೇಳಿದರು. ಬಗ್ಗಿದಾಗ ಎಂದಳು. ಎಲ್ಲಿ ಎಂದು ಕೇಳಿದರು. ನೆತ್ತಿಯಲ್ಲಿ, ಕಣ್ಣಿನ ಹಿಂದೆ ಎಂದಳು. ವೈದ್ಯೆ ಮೂಗಿನೊಳಗೆ ನೋಡಿ, ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದರು.

"ಫಿಲ್ಮ್ ಐತಲ್ರೀ, ಮತ್ತ್ಯಾಕ?" ಎಂದ ವ್ಯಾಪಾರಿ.

"ಯಜಮಾನರ ಉದ್ಯೋಗ ಏನು?"

"ಕಾಳಿನ ವ್ಯಾಪಾರ್ರಿ."

"ಮೇಲಿನ ಕಾಳು ನೋಡಿ ಚೀಲ ಕೊಳ್ತೀರಾ?"

ವ್ಯಾಪಾರಿ ನಕ್ಕ. "ಮ್ಯಾಲ, ನಡುವ, ತಳಕ್ಕ, ಮೂರು ಕಡೆ ಕೊಳವಿ ಚುಚ್ಚಿ ಕಾಳು ತಗದು ನೋಡ್ತೀನ್ರಿ. ಇಲ್ಲಾಂದ್ರ ಚೀಲ ಮುಟ್ಟಂಗಿಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ನಿಂತುಹೋಯಿತು.

ಎಕ್ಸ್‌ರೇ ಎಂದರೆ ನೆರಳು, ಮುಂದಿನ ಮೂಳೆ ಹಿಂದಿನ ಮೂಳೆ ಎಲ್ಲದರ ನೆರಳೂ ಒಂದೇ ಹಾಳೆಯ ಮೇಲೆ ಬೀಳುತ್ತದೆ, ಸಿ.ಟಿ. ಆದರೆ ಪದರ ಪದರವಾಗಿ ತೋರಿಸುತ್ತದೆ ಎಂದು ವೈದ್ಯೆ ವಿವರಿಸಿದರು. ಮಧ್ಯಾಹ್ನದೊಳಗೆ ಚಿತ್ರ ಬಂತು. ಮೂಗಿನ ಹಿಂದೆ, ತಲೆಬುರುಡೆಯ ಬುಡದಲ್ಲಿ ಇನ್ನೊಂದು ಗೂಡಿದೆ. ಅದರ ತುಂಬ ಕೀವು ಕಟ್ಟಿಕೊಂಡಿತ್ತು. ಮದ್ದಿಗೆ ಕರಗಬಹುದು, ಕರಗದಿದ್ದರೆ ಮೂಗಿನ ಮೂಲಕವೇ ಸಣ್ಣ ಶಸ್ತ್ರಚಿಕಿತ್ಸೆ ಮಾಡಿದರಾಯಿತು, ಸಕಾಲಕ್ಕೆ ಬಂದಿದ್ದೀರಿ ಎಂದರು.

ಸೊಸೆ ಅಳತೊಡಗಿದಳು. "ಐತಲ್ಲ ಅಪ್ಪಾ, ಖರೇನ ಐತಲ್ಲ" ಎಂದು ತಂದೆಯ ಕೈ ಹಿಡಿದುಕೊಂಡಳು. ರೋಗ ಇದೆ ಎಂದು ತಿಳಿದು ಅಷ್ಟು ಸಂತೋಷಪಟ್ಟವರನ್ನು ಆ ಆಸ್ಪತ್ರೆ ಕಂಡಿರಲಾರದು. ವ್ಯಾಪಾರಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಎದೆ ಹಗುರವಾಯಿತು. ಸೊಸೆಯ ಮೇಲೆ ಸಿಟ್ಟು ಹೊತ್ತು ತಿರುಗಿ ಅವನಿಗೂ ಸಾಕಾಗಿತ್ತು. ಹೆಂಡತಿಗೆ ಫೋನು ಮಾಡಿ ಹೇಳಿದ. ಅವಳು, "ಸೊಕ್ಕಲ್ಲ ಹಂಗಾದ್ರ, ಬ್ಯಾನಿ. ಬ್ಯಾನಿಗೆ ಮದ್ದೈತಿ. ಲಗೂನ ಮನಿಗೆ ಕರ್ಕೊಂಡು ಬರ್ರಿ" ಎಂದಳು.

ವ್ಯಾಪಾರಿ ಉತ್ಸಾಹದಲ್ಲಿ, ಮನೆಮಂದಿಗೆಲ್ಲ ಇದೇ ಯಂತ್ರದಲ್ಲಿ ತೆಗೆಸುತ್ತೇನೆ ಎಂದ. ಬೇಡ ಎಂದರು ವೈದ್ಯೆ. ಇದರ ಕಿರಣ ಹೆಚ್ಚು, ನೆಗಡಿ ಬಂದವರಿಗೆಲ್ಲ ಬೇಕಾಗಿಲ್ಲ, ನೋವಿಲ್ಲದವರಲ್ಲೂ ಇದು ಏನಾದರೊಂದು ತೋರಿಸಿ ಹೆದರಿಸುತ್ತದೆ ಎಂದರು. ಹಳೆಯ ಫಿಲ್ಮು ಸುಳ್ಳು ಹೇಳಿರಲಿಲ್ಲ, ತನಗೆ ಕಂಡಷ್ಟನ್ನೇ ಹೇಳಿತ್ತು ಎಂದೂ ಹೇಳಿದರು.

ತಂದೆ ಸಂಜೆಯ ಬಸ್ಸಿಗೆ ಒಬ್ಬನೇ ಊರಿಗೆ ಹೋದ. ಹೋಗುವಾಗ ದಾರಿಯುದ್ದಕ್ಕೂ ಗುಣುಗುಣು ಹಾಡಿಕೊಳ್ಳುತ್ತಿದ್ದನಂತೆ. ಎರಡು ತಿಂಗಳಲ್ಲಿ ಸೊಸೆ ಗುಣವಾದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು, ಗುರುಗಳೇ. ನಾನು ಮೇಲುಮೇಲೆ ನೋಡಿದ್ದೆ. ಇನ್ನು ಆಳಕ್ಕೆ ಇಳಿಯುತ್ತೇನೆ. ಅವನ ಹುಟ್ಟೂರಿನಲ್ಲಿ ವಿಚಾರಿಸುತ್ತೇನೆ, ಅವನ ಬೀಗರನ್ನೂ ಕೇಳಿಬರುತ್ತೇನೆ" ಎಂದ.

ಗುರುಗಳು ಹೇಳಿದರು: "ಮುರಿಗೆಪ್ಪ ಅಡುಗೆಮನೆಯಲ್ಲೇ ಇದ್ದಾನೆ, ಅವನನ್ನೇ ಕೇಳಿದೆಯಾ?"